ಸೂಜಿ ಕಂಡರೆ ಒದೆಯುವ ಹಸು, ಮೂತಿ ಮುಟ್ಟಿದರೆ ಗುರ್ ಎನ್ನುವ ನಾಯಿ: ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ರೋಗ ಗೊತ್ತಾಗಿದೆ, ಔಷಧಿಯೂ ಕೈಲಿದೆ, ಪ್ರಾಣಿಯನ್ನು ಹಿಡಿಯುವುದು ಹೇಗೆ? ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಹಳ್ಳಿಯ ಕೊಟ್ಟಿಗೆಗಳಲ್ಲಿ ಕೆಲಸ ಮಾಡಿದವನು. ಸರಿಯಾಗಿ ಹಿಡಿಯದೆ ಆದ ಪೆಟ್ಟುಗಳನ್ನು ಬೇಕಾದಷ್ಟು ನೋಡಿದ್ದೇನೆ. ಪ್ರಾಣಿಗೂ ಆಗಿದೆ, ಮನುಷ್ಯರಿಗೂ ಆಗಿದೆ. ಅದಕ್ಕೇ ಐದು ಪ್ರಶ್ನೆ ಆರಿಸಿಕೊಂಡು ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ನಮ್ಮದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಎರಡನೇ ಸೂಲು. ಹಾಲು ಕರೆಯುವಾಗ ಬಹಳ ಸಾಧು. ಡಾಕ್ಟ್ರು ಬಂದರೆ ಸಾಕು, ಗೂಟ ಕಿತ್ತು ಬರುವ ಹಾಗೆ ಎಗರುತ್ತದೆ. ಹೋದ ಸಲ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುವಾಗ ನಮ್ಮ ಯಜಮಾನರ ಮೊಣಕಾಲಿಗೆ ಒದ್ದಿತು. ನಮ್ಮೂರಲ್ಲಿ ಟ್ರೆವಿಸ್ (ದನವನ್ನು ಅಲುಗದಂತೆ ನಿಲ್ಲಿಸುವ ಕಂಬಗಳ ಚೌಕಟ್ಟು) ಇಲ್ಲ. ಏನು ಮಾಡಲಿ? (ಚನ್ನರಾಯಪಟ್ಟಣ ತಾಲ್ಲೂಕಿನ ಒಬ್ಬ ತಾಯಿ)

ನಿಮ್ಮ ಹಸು ಕೆಟ್ಟದ್ದಲ್ಲ, ತಾಯಿ. ಅದಕ್ಕೆ ಹೋದ ಸಲದ್ದು ನೆನಪಿದೆ, ಅಷ್ಟೇ. ಆ ದಿನ ಕೊಟ್ಟಿಗೆಯಲ್ಲಿ ಎಷ್ಟು ಜನ ಇದ್ದರು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಸಾಮಾನ್ಯವಾಗಿ ಅಕ್ಕಪಕ್ಕದ ಮನೆಯವರು, ಮಕ್ಕಳು, ನಾಯಿ ಎಲ್ಲ ಸೇರಿರುತ್ತಾರೆ. ಒಬ್ಬರು "ಹಿಡ್ಕೋ ಹಿಡ್ಕೋ" ಅಂತ ಕೂಗುತ್ತಾರೆ, ಇನ್ನೊಬ್ಬರು ಬಾಲ ತಿರುಚುತ್ತಾರೆ. ಅಷ್ಟು ಹೊತ್ತಿಗೆ ಹಸುವಿಗೆ ಜೀವಭಯ ಹುಟ್ಟಿರುತ್ತದೆ. ನಾನೂರು ಕೆಜಿಯ ಪ್ರಾಣಿ ಹೆದರಿದರೆ ಆರು ಜನ ಹಿಡಿದರೂ ನಿಲ್ಲುವುದಿಲ್ಲ. ಹೆದರದಿದ್ದರೆ ಇಬ್ಬರು ಸಾಕು.

ಹಸುವಿನ ಕಣ್ಣು ಮುಖದ ಎರಡು ಬದಿಗೆ ಇದೆ. ತಲೆ ತಿರುಗಿಸದೆಯೇ ಸುತ್ತಲಿನ 300 ಡಿಗ್ರಿಗಿಂತ ಹೆಚ್ಚು ಅದಕ್ಕೆ ಕಾಣುತ್ತದೆ. ಕಾಣದೇ ಇರುವುದು ಮುಖ್ಯವಾಗಿ ಬೆನ್ನ ಹಿಂದಿನ ಒಂದು ಪಟ್ಟಿ. ನಾವು ಸೂಜಿ ಹಿಡಿದು ಹೋಗುವುದು ಸರಿಯಾಗಿ ಅಲ್ಲಿಂದಲೇ! ಕಾಣದ ಕಡೆಯಿಂದ ಏನೋ ಮುಟ್ಟಿತು ಅಂದರೆ ಅದು ಒದೆಯದೆ ಇನ್ನೇನು ಮಾಡೀತು? ಆದ್ದರಿಂದ ಭುಜದ ಕಡೆಯಿಂದ ಹೋಗಿ. ಹೋಗುವ ಮುಂಚೆ ದಿನಾ ಕರೆಯುವ ಹೆಸರು ಹಿಡಿದು ಕರೆಯಿರಿ. ಮೊದಲು ಭುಜದ ಮೇಲೆ ಕೈ ಇಡಿ, ಕೈ ತೆಗೆಯದೆ ಬೆನ್ನ ಮೇಲೆ ಸವರುತ್ತಾ ಹಿಂದಕ್ಕೆ ಬನ್ನಿ.

ಒದೆಯುವ ರೀತಿಯೂ ತಿಳಿದಿರಲಿ. ಕುದುರೆ ನೇರ ಹಿಂದಕ್ಕೆ ಒದೆಯುವುದೇ ಹೆಚ್ಚು. ಹಸು ಕಾಲನ್ನು ಮುಂದಕ್ಕೆ ತಂದು, ಪಕ್ಕಕ್ಕೆ ಬೀಸಿ, ಆಮೇಲೆ ಹಿಂದಕ್ಕೆ ಒದೆಯುತ್ತದೆ. ಹಾಗಾಗಿ ತೊಡೆಯ ಪಕ್ಕ ಒಂದು ಮಾರು ದೂರದಲ್ಲಿ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ನಿಮ್ಮ ಯಜಮಾನರು ಅಲ್ಲೇ ನಿಂತಿದ್ದಿರಬೇಕು. ಒಂದೋ ಪೂರ್ತಿ ದೂರ ಇರಿ, ಇಲ್ಲವೇ ಹಸುವಿನ ಮೈಗೆ ಮೈ ತಾಗಿಸಿ ನಿಲ್ಲಿ. ತಾಗಿ ನಿಂತಾಗ ಒದ್ದರೂ ಕಾಲು ಬೀಸಲು ಜಾಗ ಇರುವುದಿಲ್ಲ, ತಳ್ಳಿದ ಹಾಗಾಗುತ್ತದೆ ಅಷ್ಟೇ.

ಇನ್ನು ಕಟ್ಟುವ ವಿಷಯ. ಡಾಕ್ಟ್ರು ಬರುವ ಮುಂಚೆಯೇ ಹಸುವನ್ನು ಅದರ ಮಾಮೂಲಿ ಜಾಗದಲ್ಲಿ, ಒಂದು ಪಕ್ಕ ಗೋಡೆಗೆ ತಾಗುವ ಹಾಗೆ ನಿಲ್ಲಿಸಿ. ಇನ್ನೊಂದು ಪಕ್ಕಕ್ಕೆ ಗಟ್ಟಿಯಾದ ಬಿದಿರು ಗಳವನ್ನು ಅದರ ಹೊಟ್ಟೆಯ ಮಟ್ಟಕ್ಕೆ ಅಡ್ಡ ಕಟ್ಟಿದರೆ ಅರ್ಧ ಟ್ರೆವಿಸ್ ಆಯಿತು. ತಲೆಗೆ ಹಾಲ್ಟರ್, ಅಂದರೆ ಮುಖಕ್ಕೆ ಹಾಕುವ ಹಗ್ಗ, ಹಾಕಿ ಕಂಬಕ್ಕೆ ಬಿಗಿಯಾಗಿ, ಗಿಡ್ಡವಾಗಿ ಕಟ್ಟಿ. ಬರೀ ಮೂಗುದಾರವನ್ನು ನಂಬಬೇಡಿ. ಮೂಗು ಬಹಳ ಸೂಕ್ಷ್ಮ. ಮೂಗುದಾರವನ್ನೇ ಕಂಬಕ್ಕೆ ಕಟ್ಟಿದರೆ ಹಸು ಜಗ್ಗಿದಾಗ ಮೂಗೇ ಹರಿಯಬಹುದು. ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಳ್ಳಲು ಮಾತ್ರ ಅದು ಸರಿ.

ಗಂಟಿನ ಬಗ್ಗೆ ಎಷ್ಟು ಹೇಳಿದರೂ ಸಾಲದು. ಕುತ್ತಿಗೆಗೆ ಜೀರುಕುಣಿಕೆ, ಅಂದರೆ ಎಳೆದಷ್ಟೂ ಬಿಗಿಯುವ ಗಂಟು, ಹಾಕಲೇಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಡಸಿನ ಕುತ್ತಿಗೆಗೆ ಯಾರೋ ಅವಸರದಲ್ಲಿ ಜೀರುಕುಣಿಕೆ ಹಾಕಿದ್ದರು. ನಾನು ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದೆ, ಗಂಟು ನೋಡಲಿಲ್ಲ. ಕಡಸು ಜಾರಿ ಬಿತ್ತು, ಹಗ್ಗ ಬಿಗಿಯಿತು, ನಾಲಿಗೆ ಹೊರಗೆ ಬಂತು. ಗಂಟು ಬಿಚ್ಚಲು ಆಗಲಿಲ್ಲ. ಮನೆಯ ಅಜ್ಜಿ ಓಡಿಹೋಗಿ ಕುಡುಗೋಲು ತಂದು ಹಗ್ಗ ಕೊಯ್ದರು. ಕಡಸು ಬದುಕಿತು. ಅವತ್ತಿನಿಂದ ನಾನು ಪ್ರಾಣಿಯನ್ನು ಮುಟ್ಟುವ ಮುಂಚೆ ಗಂಟು ಮುಟ್ಟಿ ನೋಡುತ್ತೇನೆ. ಕುತ್ತಿಗೆಯ ಕುಣಿಕೆ ಬಿಗಿಯಬಾರದು. ಕಂಬದ ಗಂಟು ತುದಿ ಎಳೆದರೆ ತಟ್ಟನೆ ಬಿಚ್ಚಬೇಕು. ಹತ್ತಿರದಲ್ಲೇ ಒಂದು ಕುಡುಗೋಲು ಇರಬೇಕು.

ಲಸಿಕೆಯನ್ನು ಕುತ್ತಿಗೆಗೆ ಹಾಕಬಹುದು, ಹಿಂದೆ ಹೋಗುವ ಅಗತ್ಯವೇ ಬರುವುದಿಲ್ಲ. ಹಿಂದಿನ ಭಾಗದಲ್ಲೇ ಕೆಲಸ ಇದ್ದರೆ ಬಾಲವನ್ನು ಬುಡದ ಹತ್ತಿರ ಎರಡೂ ಕೈಯಲ್ಲಿ ಹಿಡಿದು ನೇರ ಮೇಲಕ್ಕೆ, ಬೆನ್ನಿನ ಕಡೆಗೆ ಎತ್ತಿ. ಹಾಗೆ ಎತ್ತಿ ಹಿಡಿದಿರುವಾಗ ಹೆಚ್ಚಿನ ಹಸುಗಳು ಒದೆಯುವುದಿಲ್ಲ. ಹಿಡಿಯುವವರು ನೇರ ಹಿಂದೆ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲಬೇಕು. ಬಾಲದ ತುದಿ ಹಿಡಿದು ತಿರುಚುವುದು ಬೇರೆ ಕತೆ. ಅದರಿಂದ ಬಾಲದ ಮೂಳೆ ಮುರಿಯುತ್ತದೆ, ಹಸುವಿನ ಸಿಟ್ಟು ಇನ್ನೂ ಏರುತ್ತದೆ. ದಯವಿಟ್ಟು ಯಾರಿಗೂ ಅದನ್ನು ಮಾಡಲು ಬಿಡಬೇಡಿ.

ಸೂಜಿ ಚುಚ್ಚಿದ ಕೂಡಲೇ ಬಿಚ್ಚಿ ಓಡಿಸಬೇಡಿ. ಐದು ನಿಮಿಷ ಅಲ್ಲೇ ಇರಲಿ. ಗಂಗೆದೊಗಲು (ಕುತ್ತಿಗೆಯ ಕೆಳಗೆ ಜೋಲುವ ಚರ್ಮ) ಕೆರೆಯಿರಿ, ಒಂದು ಹಿಡಿ ಹಿಂಡಿ ಕೊಡಿ. ಕಾಲುಬಾಯಿ ಲಸಿಕೆ ಆರು ತಿಂಗಳಿಗೊಮ್ಮೆ ಇದ್ದೇ ಇರುತ್ತದೆ ಅಲ್ವಾ? ಮುಂದಿನ ಸಲ ಆ ಹಿಂಡಿಯೂ ಅದಕ್ಕೆ ನೆನಪಿರುತ್ತದೆ.

ಹಳ್ಳಿಕಾರ್, ಅಮೃತ್ ಮಹಲ್ ತಳಿಯ ದನ ಸಾಕಿದವರಿಗೂ ಒಂದು ಮಾತು. ಕಾವಲಿನಲ್ಲಿ, ಅಂದರೆ ಮೀಸಲು ಹುಲ್ಲುಗಾವಲಿನಲ್ಲಿ, ಬೆಳೆದ ಅಮೃತ್ ಮಹಲ್ ದನ ಹೊಸಬರನ್ನು ಹತ್ತಿರ ಸೇರಿಸುವುದಿಲ್ಲ. ಅಲ್ಲಿ ಡಾಕ್ಟ್ರಿಗಿಂತ ಮೊದಲು ಬೇಕಾದವರು ಅದನ್ನು ದಿನಾ ಮೇಯಿಸುವವರು. ಅವರು ಊರಲ್ಲಿಲ್ಲದ ದಿನ, ತುರ್ತು ಇಲ್ಲದಿದ್ದರೆ, ಚಿಕಿತ್ಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನಮ್ಮ ಹಸುವಿನ ಗೊರಸು ಬೆಳೆದು ಚಪ್ಪಲಿಯಂತಾಗಿದೆ, ಕತ್ತರಿಸಬೇಕು. ಹಗ್ಗ ಹಾಕಿ ಕೆಡವುತ್ತೇವೆ ಅನ್ನುತ್ತಾರೆ ನಮ್ಮ ಕಡೆಯವರು. ಎಂಟು ತಿಂಗಳ ಗಬ್ಬ. ಕೆಡವಬಹುದೇ? (ಓದುಗರು, ಹಾವೇರಿ ಜಿಲ್ಲೆ)

ಬೇಡ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕೆಡವುವ ಮಾತೇ ಬೇಡ. ಬಿದ್ದ ರಭಸಕ್ಕೆ ಕರುವಿಗೂ ಗರ್ಭಕ್ಕೂ ಪೆಟ್ಟಾಗಬಹುದು. ಟ್ರೆವಿಸ್ ಇರುವ ಪಶು ಆಸ್ಪತ್ರೆಗೆ ನಿಧಾನವಾಗಿ ನಡೆಸಿಕೊಂಡು ಹೋಗಿ, ನಿಂತಂತೆಯೇ ಒಂದೊಂದು ಕಾಲು ಎತ್ತಿ ಕತ್ತರಿಸಬಹುದು. ಕುಂಟುತ್ತಿಲ್ಲ ಅಂದರೆ ಕರು ಹಾಕಿದ ಮೇಲೆ ಮಾಡಿಸಿದರೂ ನಡೆಯುತ್ತದೆ.

ಗಬ್ಬ ಇಲ್ಲದ ದನವನ್ನು, ಲಾಳ ಕಟ್ಟಿಸುವ ಎತ್ತನ್ನು ಕೆಡವಬೇಕಾಗಿ ಬಂದರೆ ಹೀಗೆ ಮಾಡಿ. ಹಿಂದಿನ ದಿನದಿಂದ ಮೇವು ಕೊಡಬೇಡಿ. ಹೊಲದ ಮೆತ್ತನೆ ಮಣ್ಣು ಅಥವಾ ದಪ್ಪ ಹುಲ್ಲುಹಾಸು ನೋಡಿ. ಹತ್ತು ಮೀಟರಿಗಿಂತ ಉದ್ದದ ಮೃದು ಹಗ್ಗ ಬೇಕು. ಕುತ್ತಿಗೆಗೆ ಬಿಗಿಯದ ಗಂಟು ಹಾಕಿ. ಹಗ್ಗವನ್ನು ಬೆನ್ನ ಮೇಲೆ ತಂದು ಮುಂಗಾಲಿನ ಹಿಂದೆ ಎದೆಗೆ ಒಂದು ಸುತ್ತು, ಕೆಚ್ಚಲಿನ ಮುಂದೆ ಹೊಟ್ಟೆಗೆ ಇನ್ನೊಂದು ಸುತ್ತು ಹಾಕಿ. ಪ್ರತಿ ಸುತ್ತೂ ಬೆನ್ನ ಮೇಲಿನ ಹಗ್ಗದ ಅಡಿಯಿಂದ ತೂರಿ ಬರಬೇಕು. ಒಬ್ಬರು ತಲೆ ಹಿಡಿದು ಒಂದು ಪಕ್ಕಕ್ಕೆ ಬಾಗಿಸಲಿ. ಇಬ್ಬರು ಹಗ್ಗವನ್ನು ನೇರ ಹಿಂದಕ್ಕೆ ಒಂದೇ ಸಮ ಎಳೆಯಲಿ, ಜಗ್ಗಬಾರದು. ದನ ತಾನಾಗಿ ಮೊಣಕಾಲು ಮಡಚಿ ಕೂರುತ್ತದೆ. ಕಾಲಿಗೆ ಹಗ್ಗ ಕಟ್ಟಿ ದೊಪ್ಪನೆ ಬೀಳಿಸುವ ಪದ್ಧತಿಗೂ ಇದಕ್ಕೂ ಅಜಗಜಾಂತರ. ಹೊಟ್ಟೆಯ ಸುತ್ತು ಹಸುವಿಗೆ ಕೆಚ್ಚಲ ಮೇಲೂ, ಗಂಡು ದನಕ್ಕೆ ಮೂತ್ರದ ಭಾಗದ ಮೇಲೂ ಬೀಳಬಾರದು.

ಸಾಧ್ಯವಾದರೆ ಬಲಗಡೆ ಕೆಳಗೆ ಬರುವ ಹಾಗೆ ಮಲಗಿಸಿ. ಮೇವಿನ ದೊಡ್ಡ ಹೊಟ್ಟೆ ಇರುವುದು ಎಡಗಡೆ. ಅದು ಮೇಲಿದ್ದರೆ ಒಳ್ಳೆಯದು. ಅಡ್ಡ ಮಲಗಿದ ದನಕ್ಕೆ ತೇಗು ಬರುವುದಿಲ್ಲ, ಗಾಳಿ ಒಳಗೇ ತುಂಬಿ ಹೊಟ್ಟೆ ಉಬ್ಬುತ್ತದೆ. ಗಟ್ಟಿ ನೆಲದ ಮೇಲೆ ಬಹಳ ಹೊತ್ತು ಬಿದ್ದಿದ್ದರೆ ಮುಂಗಾಲಿನ ನರ ಒತ್ತಿ ಕಾಲೇ ಎಳೆಯುವಂತಾಗಬಹುದು. ಆದ್ದರಿಂದ ಕತ್ತರಿ, ಉಳಿ, ಲಾಳ ಎಲ್ಲ ತಯಾರಿಟ್ಟುಕೊಂಡೇ ಕೆಡವಿ. ಕೆಡವಿದ ಮೇಲೆ ಹುಡುಕಲು ಹೋಗಬೇಡಿ.

ಮಂಪರು ಇಂಜೆಕ್ಷನ್ ಬಗ್ಗೆ ಕೇಳುವವರೂ ಇದ್ದಾರೆ. ಅದನ್ನು ಡಾಕ್ಟ್ರೇ ಕೊಡಬೇಕು. ಜೈಲಜೀನ್ ಅನ್ನುವ ಔಷಧಿ ದನಕ್ಕೆ ಕುದುರೆಗೆ ಬೇಕಾದ ಪ್ರಮಾಣದ ಸುಮಾರು ಹತ್ತನೇ ಒಂದು ಭಾಗ ಸಾಕು. ಅಂದಾಜಿನಲ್ಲಿ ಕೊಡುವ ಔಷಧಿ ಅದಲ್ಲ.

ಪ್ರಶ್ನೆ: ಎಮ್ಮೆಗೆ ಜಡ್ಡಾಗಿತ್ತು. ನಮ್ಮ ಕಾಕಾ ಗೊಟ್ಟದಲ್ಲಿ (ಔಷಧಿ ಕುಡಿಸುವ ಬಿದಿರಿನ ಕೊಳವೆ) ಕಷಾಯ ಹಾಕಿದರು. ಆಗಲೇ ಕೆಮ್ಮಲು ಶುರು ಮಾಡಿತು, ಮೂರನೇ ದಿನ ಸತ್ತಿತು. ಕಷಾಯ ವಿಷವಾಯಿತೇ? (ಓದುಗರು, ಗೋಕಾಕ)

ನಿಮ್ಮ ನಷ್ಟಕ್ಕೆ ನಿಜವಾಗಿಯೂ ನೋವಾಗುತ್ತದೆ. ನೀವು ಬರೆದದ್ದು ನೋಡಿದರೆ ಕಷಾಯ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಹೋದ ಹಾಗೆ ಕಾಣುತ್ತದೆ. ಕಾಕಾ ಅವರನ್ನು ದೂರಬೇಡಿ. ತಲೆಯನ್ನು ಆಕಾಶಕ್ಕೆ ಎತ್ತಿ, ನಾಲಿಗೆ ಹೊರಗೆಳೆದು ಸುರಿಯುವುದು ಎಲ್ಲ ಊರಲ್ಲೂ ಇರುವ ರೂಢಿ. ಆದರೆ ತಲೆ ಅಷ್ಟು ಎತ್ತಿದರೆ, ನಾಲಿಗೆ ಹಿಡಿದರೆ ಪ್ರಾಣಿಗೆ ನುಂಗಲು ಆಗುವುದಿಲ್ಲ. ನೀವೇ ತಲೆ ಹಿಂದಕ್ಕೆ ಚೆಲ್ಲಿ ನಾಲಿಗೆ ಹಿಡಿದುಕೊಂಡು ನೀರು ಕುಡಿದು ನೋಡಿ, ಗೊತ್ತಾಗುತ್ತದೆ.

ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಬಾಯಿಯ ಮೂಲೆಯಲ್ಲಿ, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗ ಇದೆ. ಗೊಟ್ಟ ಅಲ್ಲಿಂದ ಒಳಗೆ ಹೋಗಲಿ. ಸ್ವಲ್ಪ ಹಾಕಿ, ನುಂಗಿದ್ದು ನೋಡಿ, ಆಮೇಲೆ ಇನ್ನು ಸ್ವಲ್ಪ. ಕೆಮ್ಮಿದ ಕೂಡಲೇ ತಲೆ ಬಿಟ್ಟುಬಿಡಿ. ಗಾಜಿನ ಬಾಟಲಿ ಬೇಡ, ಕಚ್ಚಿದರೆ ಒಡೆಯುತ್ತದೆ. ಕರು ಹಾಕಿದ ಮೇಲೆ ಹಾಲು ಜ್ವರ ಬಂದು, ಕತ್ತು ಹೊಟ್ಟೆಯ ಕಡೆ ತಿರುಗಿಸಿ ಬಿದ್ದಿರುವ ಹಸು, ಎಮ್ಮೆಗೆ ಬಾಯಿಂದ ಏನೂ ಹಾಕಬೇಡಿ. ಅದಕ್ಕೆ ನುಂಗುವ ಶಕ್ತಿಯೇ ಇರುವುದಿಲ್ಲ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಡಾಕ್ಟ್ರನ್ನು ಕರೆಸಿ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ದನ ಜೊಲ್ಲು ಸುರಿಸುತ್ತಿದೆ, ಮೇವು ನುಂಗುತ್ತಿಲ್ಲ, ದನಿ ಬದಲಾಗಿ ಅರಚುತ್ತಿದೆ. ಇದನ್ನು ಕಂಡವರು "ಗಂಟಲಲ್ಲಿ ಏನೋ ಸಿಕ್ಕಿದೆ" ಅಂತ ಬಾಯಿಗೆ ಕೈ ಹಾಕುತ್ತಾರೆ. ಹುಚ್ಚುನಾಯಿ ಕಚ್ಚಿದ ದನವೂ ಹೀಗೇ ಕಾಣುತ್ತದೆ. ರೇಬೀಸ್‌ನಲ್ಲಿ ಗಂಟಲಿನ ಸ್ನಾಯು ಸೋಲುತ್ತದೆ, ಅದಕ್ಕೆ ಜೊಲ್ಲು. ಆ ಜೊಲ್ಲಿನಲ್ಲೇ ವೈರಸ್ ಇರುತ್ತದೆ. ಬಾಯಿಗೆ ಕೈ ಹಾಕಬೇಡಿ, ಗೊಟ್ಟ ಹಾಕಬೇಡಿ. ಪ್ರಾಣಿಯನ್ನು ಬೇರೆ ಕಟ್ಟಿ ಡಾಕ್ಟ್ರಿಗೆ ತಿಳಿಸಿ. ಆಗಲೇ ಕೈ ಹಾಕಿದ್ದರೆ, ಜೊಲ್ಲು ಗಾಯಕ್ಕೆ ತಾಗಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಮನುಷ್ಯರು ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಲಕ್ಷಣಕ್ಕೆ ಮುಂಚೆ ಹೋದರೆ ಲಸಿಕೆ ಜೀವ ಉಳಿಸುತ್ತದೆ.

ಪ್ರಶ್ನೆ: ಬೀದಿಯಿಂದ ತಂದು ಸಾಕಿದ ನಾಯಿ, ಮನೆಯಲ್ಲಿ ಮಗುವಿನ ಹಾಗೆ. ಕ್ಲಿನಿಕ್‌ನ ಮೇಜಿನ ಮೇಲೆ ಏರಿಸಿದರೆ ಗುರ್ ಅನ್ನುತ್ತದೆ. ಮೂತಿ ಕಟ್ಟುವುದು ಕ್ರೂರ ಅನಿಸುತ್ತದೆ. ಬೇರೆ ದಾರಿ ಇದೆಯೇ? (ಓದುಗರು, ಬೆಂಗಳೂರು)

ಗುರ್ ಅಂದಾಗ ಗದರಬೇಡಿ. "ನನಗೆ ಭಯ ಆಗ್ತಿದೆ" ಅಂತ ಹೇಳಲು ಅದಕ್ಕಿರುವ ಮಾತು ಅದೊಂದೇ. ಗದರಿ ಆ ಮಾತು ನಿಲ್ಲಿಸಿದರೆ ಮುಂದಿನ ಸಲ ಹೇಳದೆ ಕಚ್ಚುತ್ತದೆ. ಅದಕ್ಕೂ ಮೊದಲೇ ಅದು ತುಟಿ ನೆಕ್ಕುತ್ತದೆ, ನಿದ್ದೆ ಇಲ್ಲದೆ ಆಕಳಿಸುತ್ತದೆ, ಮೈ ಬಿಗಿ ಹಿಡಿಯುತ್ತದೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆ ನೋಡುತ್ತದೆ. ಅಲ್ಲೇ ನಿಲ್ಲಿಸಿ.

ಸ್ಟೀಲ್ ಮೇಜು ಜಾರುತ್ತದೆ. ಎಷ್ಟೋ ನಾಯಿಗಳ ಭಯ ಬರೀ ಅದಕ್ಕೇ. ಮನೆಯಿಂದ ಅದು ಮಲಗುವ ಚಾಪೆಯನ್ನೇ ತಂದು ಹಾಸಿ, ಇಲ್ಲವೇ ನೆಲದ ಮೇಲೇ ನೋಡಲು ಡಾಕ್ಟ್ರನ್ನು ಕೇಳಿ. ಒಂದು ತೋಳು ಕುತ್ತಿಗೆಯ ಕೆಳಗಿನಿಂದ, ಇನ್ನೊಂದು ಹೊಟ್ಟೆಯ ಸುತ್ತ ಹಾಕಿ ಎದೆಗೆ ಒತ್ತಿ ಹಿಡಿಯಿರಿ. ನಿಮ್ಮ ಮುಖ ಮಾತ್ರ ಅದರ ಮುಖದ ಹತ್ತಿರ ತರಬೇಡಿ.

ಮೂತಿ ಕಟ್ಟುವುದು ಕ್ರೂರ ಅಂತ ನನಗೆ ಅನಿಸುವುದಿಲ್ಲ. ಕಚ್ಚುವ ಭಯ ಇಲ್ಲದ ಡಾಕ್ಟ್ರು ಮೃದುವಾಗಿ ಮುಟ್ಟುತ್ತಾರೆ, ಕೆಲಸ ಬೇಗ ಮುಗಿಯುತ್ತದೆ. ಬುಟ್ಟಿಯಂತಿರುವ ಮಝಲ್ (ಮೂತಿಗೆ ಹಾಕುವ ಕವಚ) ಕೊಳ್ಳಿ, ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು. ಒಳಗೆ ಮೊಸರು ಸವರಿ ಮನೆಯಲ್ಲೇ ದಿನಕ್ಕೆ ಎರಡು ನಿಮಿಷ ರೂಢಿ ಮಾಡಿಸಿ. ತುರ್ತಿಗೆ ಬ್ಯಾಂಡೇಜ್ ಬಟ್ಟೆ ಸಾಕು: ಮೂತಿಯ ಮೇಲೆ ಒಂದು ಸುತ್ತು, ಗದ್ದದ ಕೆಳಗೆ ಅಡ್ಡ ಹಾಯಿಸಿ, ಕಿವಿಯ ಹಿಂದೆ ಬಿಚ್ಚಲು ಬರುವ ಗಂಟು. ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರಿನಿಂದ. ಹಾಗಾಗಿ ಬಟ್ಟೆಯನ್ನು ಕೆಲವೇ ನಿಮಿಷಕ್ಕಿಂತ ಜಾಸ್ತಿ ಬಿಡಬಾರದು. ಉಸಿರಾಟದ ತೊಂದರೆ ಇದ್ದರೆ, ವಾಂತಿ ಆಗುತ್ತಿದ್ದರೆ, ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಕಟ್ಟಲೇಬಾರದು. ಕಚ್ಚಿಬಿಟ್ಟರೆ ಮೇಲೆ ಹೇಳಿದ್ದೇ: ಸೋಪು, ನೀರು, 15 ನಿಮಿಷ, ಆಸ್ಪತ್ರೆ. ಸುಣ್ಣ, ಖಾರದಪುಡಿ ಹಚ್ಚಬೇಡಿ.

ಪ್ರಶ್ನೆ: ಬೆಕ್ಕನ್ನು ಕುತ್ತಿಗೆಯ ಹಿಂದಿನ ಚರ್ಮ ಹಿಡಿದು ಎತ್ತಬಹುದೇ? ತಾಯಿ ಬೆಕ್ಕು ಹಾಗೇ ಎತ್ತುತ್ತದಲ್ಲ? (ಓದುಗರು, ಮೈಸೂರು)

ತಾಯಿ ಎತ್ತುವುದು ಕೆಲವು ವಾರದ ಮರಿಯನ್ನು. ದೊಡ್ಡ ಬೆಕ್ಕನ್ನು ಹಾಗೆ ಹಿಡಿದರೆ ಅದು ಸುಮ್ನೆ ಇರುವುದು ನೆಮ್ಮದಿಯಿಂದ ಅಲ್ಲ, ಭಯದಿಂದ. ಬೆಕ್ಕಿನ ವೈದ್ಯರ ಅಂತಾರಾಷ್ಟ್ರೀಯ ಸಂಘಟನೆಗಳು 2022ರ ಮಾರ್ಗಸೂಚಿಯಲ್ಲಿ ಈ ಪದ್ಧತಿ ಬೇಡ ಅಂದಿವೆ. ದಪ್ಪ ಟವಲ್‌ನಲ್ಲಿ ಮೈ ಸುತ್ತಿ, ನೋಡಬೇಕಾದ ಕಾಲು ಅಥವಾ ಕಿವಿ ಮಾತ್ರ ಹೊರಗೆ ಬಿಡಿ. ಮೇಲಿನ ಮುಚ್ಚಳ ತೆಗೆಯಲು ಬರುವ ಬುಟ್ಟಿ ಕೊಳ್ಳಿ. ಬೆಕ್ಕು ಕೆಳಗಿನ ಅರ್ಧದಲ್ಲೇ ಕೂತಿರುವಾಗ ಡಾಕ್ಟ್ರು ಬಹುಪಾಲು ಪರೀಕ್ಷೆ ಮುಗಿಸಬಹುದು. ಆ ಬುಟ್ಟಿಯನ್ನು ಅಟ್ಟದ ಮೇಲೆ ಇಡಬೇಡಿ, ವರ್ಷವಿಡೀ ಮನೆಯ ಮೂಲೆಯಲ್ಲಿ ಬಾಗಿಲು ತೆರೆದೇ ಇರಲಿ. ಬೆಕ್ಕು ಮಧ್ಯಾಹ್ನ ತಾನಾಗಿಯೇ ಒಳಗೆ ಹೋಗಿ ಮಲಗಲು ಶುರು ಮಾಡಿದರೆ ಕ್ಲಿನಿಕ್‌ಗೆ ಹೊರಡುವ ದಿನ ಓಡಿಸಿಕೊಂಡು ಹಿಡಿಯುವ ಕೆಲಸ ಇರುವುದಿಲ್ಲ.