ಎರಡು ಪಟ್ಟು ಸರಿ, ಯಾವುದರ ಎರಡು ಪಟ್ಟು?

ಪತ್ರ: ಕಾಯಿಲೆಯ ಸುದ್ದಿ ಬಂದಾಗಲೆಲ್ಲ ನೀವು ‘ಸಾವಿರಕ್ಕೆ ಎಷ್ಟು ಮಂದಿ?’ ಅಂತಲೇ ಕೇಳುತ್ತೀರಿ. ಆಡ್ಸ್ ರೇಶಿಯೊ ಇಲ್ಲದಿದ್ದರೆ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಗೊತ್ತಾಗುತ್ತಿತ್ತೇ?
– ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿನಿ

ಉತ್ತರ: ಕಷ್ಟವಿತ್ತು, ಒಪ್ಪಿದೆ. ಆಡ್ಸ್ ಅಂದರೆ ಒಂದು ಗುಂಪಿನಲ್ಲಿ ಆದವರ ಸಂಖ್ಯೆಯನ್ನು ಆಗದವರ ಸಂಖ್ಯೆಯಿಂದ ಭಾಗಿಸಿದ್ದು; ಎರಡು ಗುಂಪುಗಳ ಆಡ್ಸ್ ನಡುವಿನ ಅನುಪಾತವೇ ಆಡ್ಸ್ ರೇಶಿಯೊ. 1950ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಆಸ್ಪತ್ರೆಗಳಿಂದಲೇ ಆರಿಸಿ, ಅವರ ಸಿಗರೇಟಿನ ಚಟವನ್ನು ಹೋಲಿಸಿದರು. ಹಾಗೆ ಆರಿಸಿ ತಂದ ಗುಂಪಿನಿಂದ, ಜನರಲ್ಲಿ ಸಾವಿರಕ್ಕೆ ಎಷ್ಟು ಮಂದಿಗೆ ಕಾಯಿಲೆ ಎಂಬ ಲೆಕ್ಕ ಸಿಗದು. ಕಾಯಿಲೆ ಅಪರೂಪದ್ದಾದರೆ ಆಡ್ಸ್ ರೇಶಿಯೊ ರಿಲೇಟಿವ್ ರಿಸ್ಕ್‌ಗೆ (ಒಂದು ಗುಂಪಿನ ಅಪಾಯ ಇನ್ನೊಂದರ ಎಷ್ಟು ಪಟ್ಟು ಎಂಬ ಲೆಕ್ಕಕ್ಕೆ) ಹತ್ತಿರವೇ ಇರುತ್ತದೆ ಎಂದು 1951ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೆರೋಮ್ ಕಾರ್ನ್‌ಫೀಲ್ಡ್ ತೋರಿಸಿಕೊಟ್ಟರು. ಕಾರಣ ಹುಡುಕುವವರಿಗೆ ದೊಡ್ಡ ಉಪಕಾರ ಅದು.

ಆದರೆ ‘ಅಪರೂಪದ್ದಾದರೆ’ ಎಂಬ ಷರತ್ತನ್ನು ನಿಮ್ಮ ಪತ್ರ ಹಾರಿಸಿಬಿಟ್ಟಿದೆ. ಇಷ್ಟು ಓದಿಕೊಂಡವರು ಹೀಗೆ ಮಾಡಬಾರದು. 1999ರಲ್ಲಿ ಅಮೆರಿಕದ ಅಧ್ಯಯನವೊಂದು ಬಂತು. ಎದೆನೋವಿನ ರೋಗಿಗಳಂತೆ ನಟಿಸಿದವರ ವಿಡಿಯೊ ತೋರಿಸಿ, ಹೃದಯದ ಕ್ಯಾತಿಟರ್ ಪರೀಕ್ಷೆಗೆ (ರಕ್ತನಾಳದೊಳಗೆ ತೆಳು ಕೊಳವೆ ತೂರಿಸಿ ನೋಡುವ ಪರೀಕ್ಷೆ) ಕಳಿಸುತ್ತೀರಾ ಎಂದು ವೈದ್ಯರನ್ನು ಕೇಳಿದ್ದರು. ಬಿಳಿಯರಲ್ಲಿ ಶೇ 90.6, ಕಪ್ಪುಜನರಲ್ಲಿ ಶೇ 84.7 ಮಂದಿಗೆ ಪರೀಕ್ಷೆ ಬೇಕು ಅಂದರು. ಆಡ್ಸ್ ರೇಶಿಯೊ 0.6 ಬಂತು. ಸುದ್ದಿಯವರು ಅದನ್ನು ‘ಶೇ 40ರಷ್ಟು ಕಡಿಮೆ’ ಎಂದು ಬರೆದರು. ನೀವೇ ಲೆಕ್ಕ ಹಾಕಿ. 84.7ನ್ನು 90.6ರಿಂದ ಭಾಗಿಸಿದರೆ 0.93. ಅಂದರೆ ಕಡಿಮೆಯಾದದ್ದು ಶೇ 7! ತಾರತಮ್ಯ ಇತ್ತು, ಅದು ತಪ್ಪೇ. ಆದರೆ ಅದರ ಅಳತೆ ಸುಳ್ಳಾಯಿತು. ನೂರರಲ್ಲಿ ತೊಂಬತ್ತು ಮಂದಿಗೆ ಆಗುವುದನ್ನು ಯಾರಾದರೂ ಅಪರೂಪ ಅಂತಾರಾ?

ಇನ್ನು, ಅಪರೂಪದ್ದಾದರೂ ಅನುಪಾತ ಒಂದೇ ಸಾಲದು. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಹೊರಡಿಸಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯ ಮಾತ್ರೆಯ ಎರಡು ಪಟ್ಟು ಅಂತ. ಹಳೆಯದರಲ್ಲಿ ಸುಮಾರು 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಹೊಸದರಲ್ಲಿ ಇಬ್ಬರಿಗೆ. ಅಷ್ಟೇ. ಹೆದರಿದ ಎಷ್ಟೋ ಮಂದಿ ಮಾತ್ರೆಯನ್ನೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತ ಜಾಸ್ತಿಯಾದವು ಎಂದು ಅಂದಾಜು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತಲೂ ಹೆಚ್ಚು. ಆ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿತ್ತು ಅಲ್ವಾ?

ನನ್ನ ಸಿಟ್ಟು ಅನುಪಾತದ ಮೇಲಲ್ಲ, ಅದನ್ನು ಒಂಟಿಯಾಗಿ ಬೀದಿಗೆ ಬಿಡುವವರ ಮೇಲೆ. ಇನ್ನೂರಕ್ಕೆ ಇಬ್ಬರಿದ್ದದ್ದು ಒಬ್ಬರಾದರೆ ‘ಶೇ 50 ಇಳಿಕೆ’ ಎಂದು ಔಷಧದ ಗುಣ ಸಾರುತ್ತಾರೆ. ಅದೇ ಔಷಧದಿಂದ ಇನ್ನೂರಕ್ಕೆ ಒಬ್ಬರಿದ್ದ ಅಡ್ಡಪರಿಣಾಮ ಇಬ್ಬರಿಗಾದರೆ? ಆಗ ‘ಇನ್ನೂರಕ್ಕೆ ಒಬ್ಬರು ಹೆಚ್ಚು’ ಅಂತ ಮೆಲ್ಲಗೆ ಹೇಳುತ್ತಾರೆ. ಗುಣಕ್ಕೆ ಒಂದು ಅಳತೆ, ದೋಷಕ್ಕೆ ಇನ್ನೊಂದು. ಎಷ್ಟೋ ವೈದ್ಯಕೀಯ ಪತ್ರಿಕೆಗಳೂ ಸಾರಾಂಶದಲ್ಲಿ ಅನುಪಾತ ಮಾತ್ರ ಹಾಕಿ, ಮೂಲ ಎಣಿಕೆಯನ್ನು ಒಳಗಿನ ಯಾವುದೋ ಕೋಷ್ಟಕದಲ್ಲಿ ಅಡಗಿಸುತ್ತವೆ. ಸುದ್ದಿಮನೆಯವರು ಅಷ್ಟು ದೂರ ಹೋಗಿ ನೋಡುವುದಿಲ್ಲ.

ನಿಮ್ಮ ಬರವಣಿಗೆ ಚುರುಕಾಗಿದೆ, ನಮಗೊಂದು ಲೇಖನ ಬರೆದುಕೊಡಿ. ಅನುಪಾತದ ಪಕ್ಕದಲ್ಲೇ ಎಣಿಕೆ ಇರಲಿ, ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ.