ವರದಿಯಲ್ಲಿ ಕಂಡದ್ದೆಲ್ಲ ಅಲರ್ಜಿಯಲ್ಲ

ಪ್ರಶ್ನೆ: ನಮ್ಮ ಮಗನಿಗೆ ಎರಡೂವರೆ ವರ್ಷ. ಮೂರು ತಿಂಗಳ ಕೆಳಗೆ ಬೇಯಿಸಿದ ಮೊಟ್ಟೆಯ ಬಿಳಿಭಾಗ ತಿಂದ ಹತ್ತು ನಿಮಿಷದೊಳಗೆ ಅವನ ತುಟಿ ಊದಿಕೊಂಡು, ಮೈಮೇಲೆಲ್ಲ ಗಂದೆ ಎದ್ದು, ವಾಂತಿಯಾಯಿತು. ಆಮೇಲೆ ರಕ್ತಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಮೊಟ್ಟೆಯಲ್ಲದೆ ಹಾಲು, ಗೋಧಿ, ಸೋಯಾ, ಕಡಲೆಕಾಯಿ ಸೇರಿ ಒಂಬತ್ತು ಆಹಾರಗಳ ಮುಂದೆ ‘ಪಾಸಿಟಿವ್’ ಎಂದಿದೆ. ಎಲ್ಲವನ್ನೂ ನಿಲ್ಲಿಸಿದ್ದೇವೆ, ಮಗುವಿನ ತೂಕ ಇಳಿಯುತ್ತಿದೆ. ಹುಟ್ಟಿದ ಕೆಲವು ತಿಂಗಳಿಂದಲೇ ಅವನಿಗೆ ಇಸುಬು ಇದೆ. ಇಷ್ಟೊಂದು ಅಲರ್ಜಿ ಒಮ್ಮೆಲೇ ಬಂದದ್ದು ಹೇಗೆ? ಬಸುರಿಯಾಗಿದ್ದಾಗ ನಾನು ತಿಂದದ್ದೇನಾದರೂ ಕಾರಣವೇ?
— ಒಬ್ಬ ತಾಯಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮನ್ನು ಹೆಚ್ಚು ಕೊರೆಯುತ್ತಿರುವುದು ಅದೇ ಇರಬೇಕು. ಬಸುರಿಯಲ್ಲಿ ನೀವು ತಿಂದ ಯಾವುದೋ ಪದಾರ್ಥದಿಂದ ಮಗುವಿಗೆ ಹೀಗಾಯಿತು ಎನ್ನಲು ಆಧಾರವಿಲ್ಲ. ಅಲರ್ಜಿ ಬಾರದಿರಲೆಂದು ಗರ್ಭಿಣಿಯರು ಮೊಟ್ಟೆ, ಹಾಲು, ಕಡಲೆಕಾಯಿ ಬಿಡಬೇಕೆಂದು ಇಂದು ತಜ್ಞರು ಹೇಳುವುದೂ ಇಲ್ಲ. ದಯವಿಟ್ಟು ಆ ಭಾರವನ್ನು ಇಳಿಸಿಬಿಡಿ.

ಆಹಾರದ ಮೂಲಕ ಬರುವ ಪರಕೀಯ ಪ್ರೋಟೀನುಗಳನ್ನು ಸಹಿಸಿಕೊಳ್ಳಲು ನಮ್ಮ ರೋಗನಿರೋಧಕ ವ್ಯವಸ್ಥೆ ಎಳವೆಯಲ್ಲೇ ಕಲಿಯುತ್ತದೆ. ಕೆಲವು ಮಕ್ಕಳಲ್ಲಿ ಈ ಕಲಿಕೆ ತಪ್ಪಿ, ಒಂದು ಪ್ರೋಟೀನಿನ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಾಗುತ್ತದೆ. ಅದು ಚರ್ಮ, ಕರುಳು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳಿಗೆ ಅಂಟಿಕೊಂಡು ಕಾಯುತ್ತಿದ್ದು, ಅದೇ ಪ್ರೋಟೀನು ಮತ್ತೆ ಬಂದಾಗ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ನೀವು ಕಂಡ ಊತ, ಗಂದೆ, ವಾಂತಿ ಅದರ ಫಲ. ಇಂಥ ಪ್ರತಿಕ್ರಿಯೆ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ.

ಕಲಿಕೆ ತಪ್ಪುವುದೇಕೆ? ಮನೆತನದ ಒಲವು ಒಂದು ಕಾರಣ. ಇನ್ನೊಂದು ಕಾರಣ ನಿಮ್ಮ ಪತ್ರದಲ್ಲೇ ಇದೆ: ಇಸುಬು. ಇಸುಬಿನಿಂದ ಬಿರುಕುಬಿಟ್ಟ ಚರ್ಮದ ಮೂಲಕ, ಮನೆಯ ಧೂಳಿನಲ್ಲೂ ದೊಡ್ಡವರ ಕೈಬೆರಳುಗಳಲ್ಲೂ ಇರುವ ಆಹಾರದ ಸೂಕ್ಷ್ಮ ಕಣಗಳು ಮಗುವಿನ ದೇಹವನ್ನು ಸೇರುತ್ತವೆ. ಬಾಯಿಯ ದಾರಿಯಿಂದ ಬಂದ ಆಹಾರವನ್ನು ದೇಹ ನೆಂಟನಂತೆ ಕಾಣುವುದೇ ಹೆಚ್ಚು, ಹರಿದ ಚರ್ಮದ ದಾರಿಯಿಂದ ಬಂದದ್ದನ್ನು ಹಗೆಯಂತೆ ಕಾಣುವುದೇ ಹೆಚ್ಚು. ಹಿಂದೆ ನಾವು ವೈದ್ಯರೇ ಕಡಲೆಕಾಯಿಯಂಥವನ್ನು ತಡಮಾಡಿ ಕೊಡಿ ಎನ್ನುತ್ತಿದ್ದೆವು. 2015ರಲ್ಲಿ ಪ್ರಕಟವಾದ, ಬ್ರಿಟನ್ನಿನಲ್ಲಿ 640 ಶಿಶುಗಳ ಮೇಲೆ ನಡೆದ ಅಧ್ಯಯನ ಆ ಸಲಹೆಯನ್ನು ತಲೆಕೆಳಗು ಮಾಡಿತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ ಆ ಶಿಶುಗಳಲ್ಲಿ, ಮೊದಲ ವರ್ಷದಿಂದಲೇ ಕಡಲೆಕಾಯಿ ತಿನ್ನುತ್ತ ಬಂದವರಿಗೆ ಐದನೆಯ ವಯಸ್ಸಿನಲ್ಲಿ ಅದರ ಅಲರ್ಜಿ, ತಿನ್ನದೆ ಉಳಿದವರಿಗಿಂತ ಬಹಳ ಕಡಿಮೆಯಿತ್ತು.

ಇನ್ನು ವರದಿಯ ವಿಷಯ. ರಕ್ತದಲ್ಲಿ ಐಜಿಇ ಇದೆ ಎಂದರೆ ದೇಹ ಆ ಆಹಾರವನ್ನು ಗುರುತು ಹಿಡಿದಿದೆ ಎಂದಷ್ಟೇ ಅರ್ಥ. ತಿಂದರೆ ತೊಂದರೆ ಆಗಿಯೇ ಆಗುತ್ತದೆ ಎಂದಲ್ಲ. ಇಸುಬು ಇರುವ ಮಕ್ಕಳಲ್ಲಿ ಅನೇಕ ಆಹಾರಗಳಿಗೆ ಹೀಗೆ ಅಲ್ಪಸ್ವಲ್ಪ ‘ಪಾಸಿಟಿವ್’ ಬರುವುದು ತೀರ ಸಾಮಾನ್ಯ. ಅಂಕೆ ಹೆಚ್ಚಿದಷ್ಟೂ ಅಲರ್ಜಿಯ ಸಂಭವ ಹೆಚ್ಚು ಎನ್ನಬಹುದೇ ಹೊರತು, ಪ್ರತಿಕ್ರಿಯೆ ಎಷ್ಟು ತೀವ್ರವಾಗಿರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದ ನಾನು ಮೊದಲು ಕೇಳುವುದು ವರದಿಯನ್ನಲ್ಲ. ಏನನ್ನು ತಿಂದ, ಎಷ್ಟು ತಿಂದ, ಎಷ್ಟು ಹೊತ್ತಿಗೆ ಏನಾಯಿತು, ಹಿಂದೆ ಅದನ್ನೇ ತಿಂದಾಗ ಏನಾಗಿತ್ತು ಎಂದು ಕೇಳುತ್ತೇನೆ. ಮೊಟ್ಟೆಯ ಬಗ್ಗೆ ನೀವು ಬರೆದ ನಾಲ್ಕು ಸಾಲು ಅನುಮಾನಕ್ಕೆ ಎಡೆಯನ್ನೇ ಕೊಡುವುದಿಲ್ಲ. ಹಾಲು ಮತ್ತು ಗೋಧಿಯ ಬಗ್ಗೆಯಾದರೋ ನೀವು ಒಂದು ತೊಂದರೆಯನ್ನೂ ಹೇಳಿಲ್ಲ. ಪರೀಕ್ಷೆಯ ಹಿಂದಿನ ದಿನದವರೆಗೂ ಅವನು ಹಾಲು ಕುಡಿದು ಆಟವಾಡಿಕೊಂಡಿದ್ದನಾದರೆ ಆ ದಿನ ಅವನಿಗೆ ಹಾಲಿನ ಅಲರ್ಜಿ ಇರಲಿಲ್ಲ, ಕಾಗದ ಏನೇ ಹೇಳಲಿ.

ಹಾಗೆಂದು ನಾಳೆಯೇ ಮನೆಯಲ್ಲಿ ಹಾಲು ಕೊಡಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಐಜಿಇ ಇದ್ದೂ ಸಹಿಸಿಕೊಳ್ಳುತ್ತಿದ್ದ ಆಹಾರವನ್ನು ತಿಂಗಳುಗಟ್ಟಲೆ ಬಿಡಿಸಿದರೆ, ಕೆಲವು ಮಕ್ಕಳು ಆ ಸಹಿಷ್ಣುತೆಯನ್ನೇ ಕಳೆದುಕೊಳ್ಳುತ್ತಾರೆ. ಅನಗತ್ಯ ಪಥ್ಯದಿಂದ ತೂಕ ಇಳಿಯುವುದಷ್ಟೇ ಅಲ್ಲ, ಇಲ್ಲದ ಅಲರ್ಜಿಯೂ ಹುಟ್ಟಬಹುದು. ಈ ವಾರವೇ ಅಲರ್ಜಿ ತಜ್ಞರನ್ನು ಕಾಣಿರಿ. ಅವರು ಚರ್ಮಪರೀಕ್ಷೆ ಮಾಡಬಹುದು: ಮುಂಗೈ ಅಥವಾ ಬೆನ್ನಿನ ಮೇಲೆ ಆಹಾರದ ಸಾರದ ಹನಿಗಳನ್ನಿಟ್ಟು, ರಕ್ತ ಬಾರದಷ್ಟು ಮೆಲ್ಲಗೆ ಚುಚ್ಚಿ, 15–20 ನಿಮಿಷದ ಬಳಿಕ ಎದ್ದ ಗುಳ್ಳೆಯನ್ನು ಅಳೆಯುತ್ತಾರೆ. ಹೋಲಿಕೆಗೆಂದು ಉಪ್ಪುನೀರಿನ ಹನಿಯಿಟ್ಟು ಚುಚ್ಚಿದ ಜಾಗಕ್ಕಿಂತ ಇಲ್ಲಿನ ಗುಳ್ಳೆ ಕನಿಷ್ಠ 3 ಮಿಲಿಮೀಟರ್ ದೊಡ್ಡದಿದ್ದರೆ ಪಾಸಿಟಿವ್. ಪಕ್ಕದಲ್ಲೇ ಹಿಸ್ಟಮಿನ್ನಿನ ಒಂದು ಹನಿಯೂ ಇರುತ್ತದೆ, ಅದು ಏಳಲೇಬೇಕು. ತುರಿಕೆಗೆಂದು ಸಿರಪ್ ಕುಡಿಸಿ ಕರೆತಂದ ಮಗುವಿನಲ್ಲಿ ಅದೂ ಏಳದೆ ಪರೀಕ್ಷೆ ವ್ಯರ್ಥವಾಗುತ್ತದೆ. ಔಷಧ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಮುಂಚೆಯೇ ಕೇಳಿಕೊಳ್ಳಿ.

ಕೊನೆಯ ತೀರ್ಮಾನ ಕೊಡುವ ಪರೀಕ್ಷೆ ಒಂದೇ: ವೈದ್ಯರ ಕಣ್ಣೆದುರು ತಿನ್ನಿಸಿ ನೋಡುವುದು. ಆಸ್ಪತ್ರೆಯಲ್ಲಿ, ತೀವ್ರ ಅಲರ್ಜಿಯನ್ನು ಹತೋಟಿಗೆ ತರುವ ಅಡ್ರಿನಲಿನ್ ಚುಚ್ಚುಮದ್ದನ್ನು ಕೈಗೆಟಕುವಂತೆ ಇಟ್ಟುಕೊಂಡು, ತೀರ ಅಲ್ಪ ಪ್ರಮಾಣದಿಂದ ಆರಂಭಿಸಿ, ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆ ಪ್ರಮಾಣವನ್ನು ಹೆಚ್ಚಿಸುತ್ತ ಹೋಗುತ್ತಾರೆ. ಪೂರ್ತಿ ತಿಂದ ಮೇಲೂ ಕೆಲವು ಗಂಟೆ ಕಾಯಿಸುತ್ತಾರೆ. ಮೊಟ್ಟೆ ಬಿಟ್ಟು ವರದಿಯಲ್ಲಿರುವ ಉಳಿದ ಆಹಾರಗಳಲ್ಲಿ ಹೆಚ್ಚಿನವು ಹೀಗೆ ಮತ್ತೆ ಮಗುವಿನ ತಟ್ಟೆಗೆ ಬರುತ್ತವೆಂಬ ಭರವಸೆ ನನಗಿದೆ. ಮೊಟ್ಟೆಯನ್ನು ಮಾತ್ರ ಸದ್ಯಕ್ಕೆ ಪೂರ್ತಿ ಬಿಡಿ; ಬಹಳಷ್ಟು ಮಕ್ಕಳಲ್ಲಿ ಅವರು ದೊಡ್ಡವರಾಗುತ್ತ ಬಂದಂತೆ ಈ ಅಲರ್ಜಿ ಹೋಗಿಬಿಡುತ್ತದೆ. ಆದರೆ ಗಂದೆಯ ಜೊತೆ ವಾಂತಿಯೂ ಆದದ್ದನ್ನು ಹಗುರವಾಗಿ ಎಣಿಸಬಾರದು. ಮನೆಯಲ್ಲಿ ಅಡ್ರಿನಲಿನ್ ಇಟ್ಟುಕೊಳ್ಳುವ, ತೊಡೆಯ ಹೊರಬದಿಗೆ ಅದನ್ನು ಚುಚ್ಚುವ ಕ್ರಮವನ್ನು ತಜ್ಞರಿಂದ ಕಲಿತುಕೊಳ್ಳಿ.

ವರದಿಯನ್ನು ಇನ್ನೊಮ್ಮೆ ತೆಗೆದು ನೋಡಿ. ಅದರಲ್ಲಿ ಐಜಿಇ ಬದಲು ಐಜಿಜಿ ಎಂಬ ಇನ್ನೊಂದು ಪ್ರತಿಕಾಯದ ಹೆಸರಿದ್ದರೆ ಅದನ್ನು ಪಕ್ಕಕ್ಕಿಡಿ. ಐಜಿಜಿ ಇದ್ದರೆ ಆ ಆಹಾರವನ್ನು ತಿಂದಿದ್ದಾನೆ ಎಂದಷ್ಟೇ ತಿಳಿಯುತ್ತದೆ.

ಪ್ರಶ್ನೆ: ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಮೊಸರು ಒಗ್ಗುತ್ತದೆ. ಇದು ಹಾಲಿನ ಅಲರ್ಜಿಯೇ?

ಉತ್ತರ: ಅಲ್ಲವೆಂದೇ ತೋರುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ವಯಸ್ಸಿನೊಂದಿಗೆ ಕಡಿಮೆಯಾಗುವುದರಿಂದ ಹೀಗಾಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಸ್ವಲ್ಪ ಮಟ್ಟಿಗೆ ಮೊದಲೇ ಒಡೆಯುವುದರಿಂದ ಮೊಸರು ಒಗ್ಗುತ್ತದೆ. ತೂಕ ಇಳಿಯುವುದು, ಮಲದಲ್ಲಿ ರಕ್ತ ಕಾಣುವುದು ಇದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನನಗೆ 34 ವರ್ಷ. ದಿನವೂ ಗೋಧಿ ತಿನ್ನುತ್ತೇನೆ, ಏನೂ ಆಗುವುದಿಲ್ಲ. ಆದರೆ ಬ್ರೆಡ್ ತಿಂದು ಓಡಲು ಹೋದಾಗ ಎರಡು ಬಾರಿ ಮೈಯೆಲ್ಲ ಗಂದೆ ಎದ್ದು ಕಣ್ಣು ಕತ್ತಲಿಟ್ಟಿತು. ಗೋಧಿಯ ಪರೀಕ್ಷೆ ನೆಗೆಟಿವ್ ಬಂದಿದೆ.

ಉತ್ತರ: ತಿಂದ ಮೇಲೆ ಓಡಿದಾಗ ಮಾತ್ರ ಹೀಗಾಗಿದೆ ಎಂದು ನೀವೇ ಗಮನಿಸಿದ್ದು ಬಹಳ ದೊಡ್ಡ ಸುಳಿವು. ಗೋಧಿ ಮತ್ತು ವ್ಯಾಯಾಮ ಜೊತೆಗೂಡಿದಾಗಲಷ್ಟೇ ಕೆರಳುವ ಅಲರ್ಜಿಯೊಂದಿದೆ. ವ್ಯಾಯಾಮದ ಬದಲು ಆಸ್ಪಿರಿನ್‌ನಂಥ ನೋವಿನ ಮಾತ್ರೆ ಅಥವಾ ಮದ್ಯವೂ ಅದನ್ನು ಕೆರಳಿಸಬಲ್ಲದು. ಸಾಮಾನ್ಯ ಗೋಧಿ ಪರೀಕ್ಷೆಯಲ್ಲಿ ಇದು ತಪ್ಪಿಸಿಕೊಳ್ಳುವುದುಂಟು. ‘ಒಮೆಗಾ-5 ಗ್ಲಯಾಡಿನ್’ ಎಂಬ ಗೋಧಿಯ ಪ್ರೋಟೀನಿಗೆ ಐಜಿಇ ಇದೆಯೇ ಎಂದು ಪ್ರತ್ಯೇಕವಾಗಿ ನೋಡಲು ತಜ್ಞರನ್ನು ಕೇಳಿ. ಅವರನ್ನು ಕಾಣುವವರೆಗೆ ಓಡುವ ದಿನ ಓಟಕ್ಕೆ ಮೊದಲು ಗೋಧಿ ಮುಟ್ಟಬೇಡಿ, ಒಬ್ಬರೇ ಓಡಲು ಹೋಗಬೇಡಿ. ಮತ್ತೆ ಹೀಗಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಆರಂಭವಾದ ಮೇಲೆ, ಮೊದಲ ಕೆಲವು ಗಂಟೆಗಳಲ್ಲೇ, ಮಾಸ್ಟ್ ಕೋಶಗಳು ಕೆರಳಿದಾಗ ರಕ್ತಕ್ಕೆ ಸೇರುವ ‘ಟ್ರಿಪ್ಟೇಸ್’ ಎಂಬ ವಸ್ತುವಿನ ಪರೀಕ್ಷೆಗೆ ರಕ್ತ ತೆಗೆಯುವಂತೆ ಜೊತೆಗಿರುವವರಿಂದ ಹೇಳಿಸಿ. ಪೂರ್ತಿ ಚೇತರಿಸಿಕೊಂಡು ಒಂದು ದಿನವಾದರೂ ಕಳೆದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ, ಎರಡೂ ಅಂಕೆಗಳನ್ನು ತಜ್ಞರ ಬಳಿಗೆ ಒಯ್ಯಿರಿ.