ವಯಸ್ಸಾದ ಅಪ್ಪ-ಅಮ್ಮನನ್ನು ಚಳಿಗಾಲದಲ್ಲಿ ಹಿಮಾಲಯಕ್ಕೆ ಕರೆದುಕೊಂಡು ಹೋಗಬಹುದಾ?

ಹೋಗಬಹುದು. ನೀವು ಬರೆದದ್ದು ಇಷ್ಟು: ಊರು ಚಿಕ್ಕಮಗಳೂರು, ಅಪ್ಪನಿಗೆ 68, ಅಮ್ಮನಿಗೆ ಮಂಡಿನೋವು, ಓಡಾಟವೂ ಸೇರಿ ಎಂಟು ದಿನ ರಜೆ. ಕ್ರಿಸ್‌ಮಸ್ ಹೊತ್ತಿಗೆ ಶಿಮ್ಲಾ, ಕುಫ್ರಿ, ಮನಾಲಿ, ಧರ್ಮಶಾಲಾ ಎಲ್ಲ ಸೇರಿದ ಪ್ಯಾಕೇಜ್ ಸಿಕ್ಕಿದೆ, ಅದು ಆರಾಮಾಗಿರುತ್ತಾ?

ಇರಲ್ಲ. ಆ ಪ್ಯಾಕೇಜ್ ಬಿಡಿ. ಶಿಮ್ಲಾ ಒಂದರಲ್ಲೇ ಐದು ರಾತ್ರಿ ಇದ್ದು ಬನ್ನಿ. ಅದೂ ಡಿಸೆಂಬರ್‌ನಲ್ಲಲ್ಲ, ಜನವರಿ ಕೊನೆಗೆ.

ನಾನು ಮೂಡಿಗೆರೆ ಕಡೆಯವನು. ಮೊದಲ ಸಲ ಇಂಥದ್ದೇ ಪ್ಯಾಕೇಜ್ ನಂಬಿ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ಪೆಟ್ಟು ತಿಂದಿದ್ದೇನೆ. ಶಿಮ್ಲಾದಿಂದ ಮನಾಲಿಗೆ ಸುಮಾರು 250 ಕಿ.ಮೀ. ನಮ್ಮ ಲೆಕ್ಕದಲ್ಲಿ ಬೆಂಗಳೂರಿಗೆ ಹೋದಷ್ಟು ಅಂದುಕೊಂಡಿದ್ದೆ. ಚಾರ್ಮಾಡಿ ಘಾಟಿಯನ್ನೇ ಬೆಳಗಿಂದ ಸಂಜೆವರೆಗೆ ಹತ್ತಿ ಇಳಿದ ಹಾಗಾಯ್ತು. ಅಮ್ಮ ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿಕೊಂಡೇ ಇದ್ದರು. ಹಿಮಾಲಯಕ್ಕಿಂತ ಕಾರಿನ ಮುಂದಿನ ಸೀಟಿನ ಬೆನ್ನನ್ನೇ ಜಾಸ್ತಿ ನೋಡಿದೆವು. ಎರಡು ವರ್ಷ ಬಿಟ್ಟು ಅದೇ ಅಪ್ಪ-ಅಮ್ಮನ ಜೊತೆ ಶಿಮ್ಲಾಕ್ಕೆ ಮಾತ್ರ ಹೋಗಿ ಕೂತು ಬಂದೆ. ಈಗ ಹೇಳುತ್ತಿರುವುದು ಆ ಎರಡನೇ ಸಲದ ಲೆಕ್ಕ.

ಜನವರಿ ಕೊನೆ ಯಾಕೆ ಅಂದರೆ, ಡಿಸೆಂಬರ್‌ನಲ್ಲಿ ನಮಗೆ ಅರೇಬಿಕಾ ಕೊಯ್ಲು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿರುತ್ತೆ, ಕಣದ ತುಂಬ ಕಾಫಿ ಹರಡಿರುತ್ತೆ, ತೋಟ ಬಿಟ್ಟು ಕದಲುವ ಹಾಗಿಲ್ಲ. ನಿಮಗೆ ತೋಟದ ರಗಳೆ ಇಲ್ಲದಿದ್ದರೂ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಆ ಕಡೆ ತಲೆ ಹಾಕಬೇಡಿ. ದೆಹಲಿ, ಪಂಜಾಬ್, ಹರಿಯಾಣದ ಕಾರುಗಳೆಲ್ಲ ಅಲ್ಲೇ ಇರುತ್ತವೆ, ರೂಮಿನ ಬಾಡಿಗೆ ಬಾಯಿಗೆ ಬಂದಷ್ಟು. ಇಷ್ಟೆಲ್ಲ ಮಾಡಿದರೂ ಹಿಮ ಬೀಳುತ್ತೆ ಅಂತೇನಿಲ್ಲ. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ವಾಯುಕ್ಷೋಭೆಗಳು ಬಂದಾಗಲೇ ಅಲ್ಲಿ ಹಿಮ. ಶಿಮ್ಲಾದ ಎತ್ತರಕ್ಕೆ ಅದು ಜನವರಿ, ಫೆಬ್ರವರಿಯಲ್ಲೇ ಹೆಚ್ಚು. ಡಿಸೆಂಬರ್‌ನಲ್ಲಿ ಹಿಮ ಗ್ಯಾರಂಟಿ ಅನ್ನುವ ಏಜೆಂಟನ ಮಾತು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ.

ಎತ್ತರಕ್ಕೆ ಹೆದರಬೇಡಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಶಿಮ್ಲಾ ಸುಮಾರು 2,200. ಅಂದರೆ ಅಲ್ಲಿ ಪೇಟೆ ಬೀದಿಯೇ ನಮ್ಮ ಗಿರಿಯ ನೆತ್ತಿಗಿಂತ ಮೇಲಿದೆ. ಆದರೂ ಲೇಹ್‌ನ ಹಾಗೆ ಉಸಿರು ಸಿಕ್ಕಿಕೊಳ್ಳುವ ಎತ್ತರವಲ್ಲ. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಹೊರಡಿ.

ಬೆಂಗಳೂರಿನಿಂದ ಚಂಡೀಗಢಕ್ಕೆ ನೇರ ವಿಮಾನದಲ್ಲಿ ಸುಮಾರು ಮೂರು ಗಂಟೆ. ಆ ರಾತ್ರಿ ಅಲ್ಲೇ ಮಲಗಿ, ಮಾರನೇ ದಿನ ಹತ್ತಿರದ ಕಾಲ್ಕಾದಿಂದ ಶಿಮ್ಲಾದ ಪುಟ್ಟ ರೈಲು ಹತ್ತಿ. ಟ್ಯಾಕ್ಸಿ ಬೇಗ ಹೋಗುತ್ತೆ ನಿಜ, ಆದರೆ ನಿಮಗೆ ಬೇಕಿರುವುದು ಬೇಗ ಅಲ್ಲವಲ್ಲ. 1903ರಲ್ಲಿ ಶುರುವಾದ ದಾರಿ, 96 ಕಿ.ಮೀ.ಗೆ 102 ಸುರಂಗ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ದಾರಿಯ 57 ಸುರಂಗ ಎಣಿಸಿದವರಿಗೆ ಇದು ದೊಡ್ಡಣ್ಣ ಇದ್ದ ಹಾಗೆ, ಆದರೆ ರೈಲು ಮಾತ್ರ ತಮ್ಮ: ಹಳಿಯ ಅಗಲ ಎರಡೂವರೆ ಅಡಿ ಅಷ್ಟೇ. ಐದು ಗಂಟೆಗೂ ಸ್ವಲ್ಪ ಹೆಚ್ಚು ಹಿಡಿಯುತ್ತೆ. ಬಾರೋಗ್ ಸ್ಟೇಷನ್ನಿನಲ್ಲಿ ಇಳಿದು ಚಹಾ ಕುಡಿಯಬಹುದು. ಅದರ ಪಕ್ಕದಲ್ಲೇ ಇಡೀ ದಾರಿಯ ಅತಿ ಉದ್ದದ ಸುರಂಗ, 1,143 ಮೀಟರ್. ಬೆಳಗಿನ ರೈಲೇ ಹಿಡಿಯಿರಿ, ಮಧ್ಯಾಹ್ನದ್ದರಲ್ಲಿ ಹೋದರೆ ಶಿಮ್ಲಾ ಹತ್ತಿರಾಗುವಷ್ಟರಲ್ಲಿ ಕತ್ತಲು. (ಮಳೆಗಾಲದಲ್ಲಿ ಯಾರಾದರೂ ಕರೆದರೆ ಬೇಡ ಅನ್ನಿ. 2023ರ ಆಗಸ್ಟ್‌ನಲ್ಲಿ ಸಮ್ಮರ್ ಹಿಲ್ ಹತ್ತಿರ ಮಣ್ಣು ಕುಸಿದು ಹಳಿ ಗಾಳಿಯಲ್ಲಿ ತೂಗಾಡುತ್ತಿತ್ತು. ಶಿರಾಡಿ ಘಾಟಿ ಕಂಡ ನಮಗೆ ಬಿಡಿಸಿ ಹೇಳಬೇಕಿಲ್ಲ.)

ಈಗ ಎಲ್ಲಕ್ಕಿಂತ ಮುಖ್ಯವಾದ್ದು, ರೂಮು. ಶಿಮ್ಲಾ ಅಂದರೆ ಮೆಟ್ಟಿಲು. ಪೇಟೆಯ ಮುಖ್ಯ ಬೀದಿ ಮಾಲ್ ರೋಡಿಗೆ ಗಾಡಿ ಬಿಡಲ್ಲ, ಟ್ಯಾಕ್ಸಿಯವರು ಕೆಳಗೆ ಕಾರ್ಟ್ ರೋಡಿನಲ್ಲಿ ಇಳಿಸಿ ಹೋಗುತ್ತಾರೆ. ಮೊದಲ ಸಲ ನಾವಿಳಿದ ಹೋಟೆಲಿನವರು 'ಮಾಲ್‌ನಿಂದ ಎರಡೇ ನಿಮಿಷ' ಅಂದಿದ್ದರು. ಎರಡು ನಿಮಿಷ ಹೌದು, ನೇರ ಮೇಲಕ್ಕೆ. ಅಪ್ಪ ನಡುವೆ ಮೂರು ಕಡೆ ಕೂತರು. ಹಾಗಾಗಿ ಫೋನ್ ಮಾಡಿ ದೂರ ಕೇಳಬೇಡಿ, 'ಎಷ್ಟು ಮೆಟ್ಟಿಲು?' ಅಂತ ಕೇಳಿ. ಕಾರ್ಟ್ ರೋಡಿನಿಂದ ಮಾಲ್‌ಗೆ ಲಿಫ್ಟ್ ಇದೆ, ಟಿಕೆಟ್ ತಗೊಂಡು ಹತ್ತಬಹುದು. ಆ ಲಿಫ್ಟ್ ತಲೆಯಿಂದ ಸಮತಟ್ಟಾಗಿ ನಡೆದು ಸೇರುವಂಥ ರೂಮೇ ಬೇಕು. ಬ್ಯಾಗು ಹೊರಲು ಕಾಶ್ಮೀರದ ಕೂಲಿಯವರಿದ್ದಾರೆ, ಅಲ್ಲಿ ಅವರನ್ನು 'ಖಾನ್' ಅಂತ ಕರೆಯುತ್ತಾರೆ. ಕೂಲಿ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ, ಚೌಕಾಸಿ ಮಾತ್ರ ಮಾಡಬೇಡಿ. ಅವರು ಹೊತ್ತು ಹತ್ತುವುದನ್ನು ನೋಡಿದರೆ ನಿಮಗೇ ಮನಸ್ಸು ಬರಲ್ಲ.

ಬಿಸಿಲು ಬೀಳುವ ರೂಮು, ಹೀಟರು, ಬಿಸಿನೀರಿನ ಚೀಲ ಇದೆಯಾ ಅಂತಲೂ ಕೇಳಿ. ಜನವರಿಯಲ್ಲಿ ರಾತ್ರಿ ಎರಡು ಡಿಗ್ರಿ ಆಸುಪಾಸು, ಹಗಲು ಹತ್ತರ ಹತ್ತಿರ. ಹೊರಗಿನ ಚಳಿ ತಡೆದುಕೊಳ್ಳಬಹುದು, ಕಾಡುವುದು ತಣ್ಣಗಿನ ಹಾಸಿಗೆ. ದಪ್ಪ ಜಾಕೆಟ್ ಒಂದಕ್ಕಿಂತ ಒಳಗೆ ಥರ್ಮಲ್, ಮೇಲೊಂದು ಸ್ವೆಟರ್, ಆಮೇಲೆ ಜಾಕೆಟ್ ಒಳ್ಳೆಯದು. ಮಂಕಿಕ್ಯಾಪ್ ಹಾಕಿಕೊಂಡರೆ ಅಲ್ಲಿ ಯಾರೂ ನಗಲ್ಲ. ಬೆಳಗ್ಗೆ ಹತ್ತರವರೆಗೆ ಅಮ್ಮನನ್ನು ರಸ್ತೆಗೆ ಇಳಿಸಬೇಡಿ: ರಾತ್ರಿ ಹೆಪ್ಪುಗಟ್ಟಿದ ನೀರು ಟಾರಿನ ಮೇಲೆ ಕಣ್ಣಿಗೆ ಕಾಣಿಸಲ್ಲ, ಕಾಲಿಟ್ಟರೆ ಜಾರುತ್ತೆ.

ಐದು ದಿನ ಅಲ್ಲೇನು ಮಾಡುವುದು ಅಂತ ನನ್ನ ಹೆಂಡತಿಯೂ ಕೇಳಿದ್ದಳು. ಊರ ನಡುವಿನ ಬಯಲು ರಿಡ್ಜ್‌ನಲ್ಲಿ ಬಿಸಿಲು ಕಾಯಿಸುತ್ತಾ ಕೂರುವುದು. ಆಮೇಲೆ ವೈಸ್‌ರಾಯ್‌ಗಳಿದ್ದ ಬಂಗಲೆ, 1888ರದ್ದು, ಈಗ ಉನ್ನತ ಅಧ್ಯಯನ ಸಂಸ್ಥೆ. ಅದರ ನಕ್ಷೆ ಮಾಡಿದ ಹೆನ್ರಿ ಇರ್ವಿನ್ನನೇ ಆಮೇಲೆ ಮೈಸೂರು ಅರಮನೆಯ ನಕ್ಷೆಯನ್ನೂ ಮಾಡಿದ್ದು. ಇದನ್ನು ಹೇಳಿದ ಮೇಲೆ ಅಪ್ಪ ಪ್ರತಿ ಕಂಬ ನೋಡಿಕೊಂಡು ಬಂದರು. ಪಾಕಿಸ್ತಾನದ ಜೊತೆಗಿನ 1972ರ ಒಪ್ಪಂದಕ್ಕೆ ಇಂದಿರಾ ಗಾಂಧಿ ಸಹಿ ಹಾಕಿದ್ದು ಈ ಊರಲ್ಲೇ ಅಂದಾಗಲಂತೂ 78ರಲ್ಲಿ ಅವರು ನಮ್ಮ ಚಿಕ್ಕಮಗಳೂರಲ್ಲಿ ನಿಂತು ಗೆದ್ದ ಉಪಚುನಾವಣೆಯ ಕತೆ ಮೊದಲಿಂದ ಶುರುವಾಯ್ತು, ಅವತ್ತು ರಾತ್ರಿ ಊಟದವರೆಗೂ ಮುಗಿಯಲಿಲ್ಲ. ಜಾಖೂ ಬೆಟ್ಟದ 108 ಅಡಿ ಹನುಮಂತನನ್ನು ನೋಡಲು ರೋಪ್‌ವೇ ಇದೆ, ಹತ್ತಬೇಕಿಲ್ಲ. ಕನ್ನಡಕ ಮಾತ್ರ ಜೇಬಿನಲ್ಲಿಡಿ, ಮಂಗಗಳು ಕಿತ್ತುಕೊಳ್ಳುತ್ತವೆ. ಕುಫ್ರಿ ಬಿಟ್ಟರೆ ಏನೂ ನಷ್ಟವಿಲ್ಲ.

ಊಟಕ್ಕೆ 'ಸಿಡ್ಡು' ಕೇಳಿ. ಹುದುಗಿಸಿದ ಗೋಧಿಹಿಟ್ಟಿನೊಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿದು ಕೊಡುತ್ತಾರೆ. ಅಮ್ಮ ಮುರಿದು ನೋಡಿ 'ಇದು ನಮ್ಮ ಕಡುಬಿನ ನೆಂಟರದ್ದು' ಅಂದರು. ಮಾಲ್ ರೋಡಿನಲ್ಲಿ ಇಂಡಿಯನ್ ಕಾಫಿ ಹೌಸ್ ಕೂಡ ಇದೆ. ನಾವು ಬೆಳೆದದ್ದನ್ನು ಎರಡೂವರೆ ಸಾವಿರ ಕಿ.ಮೀ. ಆಚೆ ದುಡ್ಡು ಕೊಟ್ಟು ಕುಡಿಯುವ ಸುಖವೇ ಬೇರೆ.

ಅಲ್ಲಿ ಪಕ್ಕದ ಮೇಜಿನಲ್ಲಿ ಸೇಬಿನ ತೋಟದವರೊಬ್ಬರು ಸಿಕ್ಕಿದ್ದರು. ಸೇಬಿನ ಗಿಡಕ್ಕೆ ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗಿನ ಥಂಡಿ ಸಾವಿರ ಗಂಟೆಯ ಹತ್ತಿರ ಸಿಗಬೇಕಂತೆ, ಇಲ್ಲದಿದ್ದರೆ ಹೂವು ಸರಿಯಾಗಿ ಬರಲ್ಲ. ಆ ವರ್ಷ ಇನ್ನೂ ಹಿಮ ಬಿದ್ದಿರಲಿಲ್ಲ, ಮಾತಾಡುತ್ತಲೇ ಕಿಟಕಿಯಾಚೆ ಆಕಾಶ ನೋಡುತ್ತಿದ್ದರು. ಅಪ್ಪ ಅರ್ಧಂಬರ್ಧ ಹಿಂದಿಯಲ್ಲಿ ಕಾಫಿ ಹೂ ಅರಳಿಸುವ ನಮ್ಮ ಹೂಮಳೆಯ ವಿಷಯ ಹೇಳಿದರು. ಇಬ್ಬರೂ ಎರಡನೇ ಕಾಫಿ ತರಿಸಿಕೊಂಡರು.

ಒಂದು ಮರೆತೆ. ವಾಪಸ್ ಬರುವಾಗಲೂ ಒಂದು ರಾತ್ರಿ ಚಂಡೀಗಢದಲ್ಲೇ ಇಟ್ಟುಕೊಳ್ಳಿ. ಹಿಮ ಬಿದ್ದರೆ ಘಾಟಿ ರಸ್ತೆ ನಿಧಾನವಾಗುತ್ತೆ. ಕೆಳಗೆ ಬೆಳಗಿನ ಮಂಜಿಗೆ ವಿಮಾನಗಳೂ ತಡ, ಅದಕ್ಕೇ ಮಧ್ಯಾಹ್ನದ ಟಿಕೆಟ್ ಮಾಡಿಸಿ.